ಅಕ್ಟೋಬರಿನ ಬೂರುಗದ ಅರಳೆ

ಏಳನೆಯ ಕ್ಯಾಸೆಟ್ಟೂ ಉಸ್ಸೆಂದು ಸುತ್ತಿ ಮುಗಿಯಿತು. ಕ್ಷೌರದಂಗಡಿಯಲ್ಲಿ ಸೇರಿದ್ದವರಿಗೆ ಅದರಲ್ಲೂ ಒಂದು ಹಾಡೂ ಕೇಳಿಸಲಿಲ್ಲ. ಅಂಗಡಿಯ ಯಜಮಾನ ನಿಕನೋರ್ ಕೈಯಲ್ಲಿದ್ದ ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು ಕೇಳಿಸಬಾರದು. ಅದಕ್ಕೇ ಅವೆಲಿನೊನ ಹೆಂಡತಿ ಯುಸೆಬಿಯಾ ಪೆಟ್ಟಿಗೆಯ ಬೀಗ ತೆಗೆದು, ಕ್ಯಾಸೆಟ್ಟುಗಳನ್ನು ಕರಿಯ ಶಾಲಿನಲ್ಲಿ ಸುತ್ತಿ ಎದುರಿಗಿದ್ದ ಈ ಅಂಗಡಿಗೆ ತಂದಿದ್ದಳು. ಮೂವತ್ತು ವರ್ಷ ಮಗ್ದಲೇನಾ ನದಿಯ ಎರಡೂ ದಡಗಳನ್ನು ಕುಣಿಸಿದ ಅಕಾರ್ಡಿಯನ್ ಗಾಯಕ ಅವೆಲಿನೊ. ಕೊನೆಯ ವರ್ಷ ಮನೆಯಲ್ಲೇ ಕೂತು ಅವನು ಕಟ್ಟಿ ಹಾಡಿದ, ಊರು ಇನ್ನೂ ಕೇಳದ ಏಳು ಹಾಡುಗಳು ಅವುಗಳಲ್ಲಿ ಇರಬೇಕಿತ್ತು. ಅವುಗಳಿಗಾಗಿಯೇ ಬರಾಂಕಿಯಾದಿಂದ ರೆಕಾರ್ಡ್ ಕಂಪನಿಯ ಅರ್ರಾಸೊಲಾ ಬಂದು ಐದು ದಿನದಿಂದ ಛತ್ರದಲ್ಲಿ ಸೊಳ್ಳೆ ಹೊಡೆಯುತ್ತಿದ್ದ.

ಮಗಳು ರೊಸೆಂದಾ ಕಾದದ್ದು ಬೇರೆ ಕಾರಣಕ್ಕೆ. ಅಪ್ಪನ ಜೊತೆ ಜಗಳವಾಡಿ ಮರಕೈಬೊ ಪಟ್ಟಣಕ್ಕೆ ಹೋದವಳು ಹನ್ನೊಂದು ವರ್ಷದ ಮೇಲೆ, ಅವನು ಮಣ್ಣಾದ ಮಾರನೆಯ ದಿನ ಊರು ಮುಟ್ಟಿದ್ದಳು. ಅಪ್ಪನ ಮುಖವಂತೂ ನೋಡಲು ಸಿಗಲಿಲ್ಲ. 'ಏಳನೆಯದು ನಿನ್ನದು' ಎಂದು ಅವನು ಬರೆದಿದ್ದ ಕಾಗದ ಅವಳ ಚೀಲದಲ್ಲಿತ್ತು.

"ಅಳಿಸಿಬಿಟ್ಯಲ್ಲ," ಎಂದಳು ಮಲತಾಯಿ ಯುಸೆಬಿಯಾಳಿಗೆ. "ಬೀಗದ ಕೈ ನಿನ್ನ ಕೊರಳಲ್ಲೇ ನೇತಾಡ್ತಿತ್ತು. ನನಗೊಂದು ಹಾಡು ಬಿಟ್ಟು ಹೋದ ಅಂತ ಹೊಟ್ಟೆ ಉರೀತಾ?"

"ಅವನು ರಕ್ತ ಕಾರಿದ ಬೋಗುಣಿ ತೊಳೆದವಳು ನಾನು. ಆಗ ನೀನೆಲ್ಲಿದ್ದೆ, ಮಹಾರಾಣಿ?"

"ನಾಳೆ ಏಳು ಗಂಟೆ ಲಾಂಚಿಗೆ ಹೊರಟೆ. ಇನ್ನು ಈ ದಡಕ್ಕೆ ನನ್ನ ಹೆಣಾನೂ ಬರಲ್ಲ."

ಬಾಗಿಲಲ್ಲಿ ನಿಂತಿದ್ದ ತೊರಿಬಿಯೊ ಟೋಪಿಯನ್ನು ಎದೆಗೆ ಒತ್ತಿಕೊಂಡ. ಅವೆಲಿನೊನ ಪಕ್ಕದಲ್ಲಿ ಮೂವತ್ತು ವರ್ಷ ಕಚ್ಚು ಕೊರೆದ ಕೋಲನ್ನು ಗೀರಿ ತಾಳ ಕೊಟ್ಟವನು ಅವನು. "ಮಗಳೇ..." ಎಂದ. ಅವಳು ಅವನನ್ನು ದಾಟಿ ಹೋದಳು.

ನಿಕನೋರ್ ನೆಟ್ಟಗೆ, ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಉಬಾಲ್ದಿನಾಳ ಮನೆಗೆ ನಡೆದ. ಮೂವತ್ತೆರಡು ವರ್ಷ ಅಂಚೆ ಕಿಟಕಿಯ ಹಿಂದೆ ಕೂತ ಆಕೆಗೆ ಕಟ್ಟು ನೋಡಿಯೇ ಒಳಗಿನ ವಿಷಯ ಹೇಳುವ ಅಭ್ಯಾಸ. ಚರ್ಚಿನ ಬೆಳ್ಳಿ ದೀಪ ಕಳೆದಾಗ, ಸಂತೆಯಲ್ಲಿ ಹೋರಿ ಅದಲುಬದಲಾದಾಗ ಊರು ಬಡಿದದ್ದು ಆಕೆಯ ಬಾಗಿಲನ್ನೇ. ಪ್ರತಿ ಸಲವೂ ಆಕೆಯ ಕೊಡೆ ಹೊತ್ತವನು ನಿಕನೋರ್.

"ಕ್ಯಾಸೆಟ್ ತಂದ್ಯಾ?" ಎಂದಳು ಉಯ್ಯಾಲೆ ಕುರ್ಚಿಯಿಂದ ಏಳದೆ. ಒಂದೊಂದನ್ನೇ ಡಬ್ಬಿಯಿಂದ ತೆಗೆದು ಬೆನ್ನು ಸವರಿದಳು. "ಡಬ್ಬಿಯೊಳಗಿನ ಚೀಟಿ ಅವೆಲಿನೊನ ಕೈಬರಹವೇ. ನಿಕನೋರ್, ಒಂದು ಹಾಡು ಮುಗಿದ ಮೇಲೆ ಅವನು ನಿನ್ನ ಅಂಗಡಿಗೆ ಯಾಕೆ ಬರ್ತಿದ್ದ?"

"ಕತ್ತರಿ ಕೇಳೋಕೆ. ಕ್ಯಾಸೆಟ್ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯೋಕೆ. ಅದನ್ನ ಮುರಿದ್ರೆ ಅದರ ಮೇಲೆ ಇನ್ನೇನೂ ತುಂಬೋಕಾಗಲ್ಲ. ಒಂದ್ಸಲ ಯಾರೋ ಅವನ ಹಾಡಿನ ಮೇಲೆ ಫುಟ್‌ಬಾಲ್ ಆಟ ತುಂಬಿದ್ರಲ್ಲ, ಆಮೇಲಿಂದ..." ಅವನು ಮಾತು ನಿಲ್ಲಿಸಿದ. ಏಳೂ ಕ್ಯಾಸೆಟ್ಟುಗಳ ಹಲ್ಲುಗಳು ಮುರಿಯದೆ ಹಾಗೇ ಇದ್ದವು.

"ಇಷ್ಟು ದಿನ ಕತ್ತರಿ ನಿಂದು, ಕಣ್ಣು ನಂದು. ಇವತ್ತು ನಿಂಗೂ ಕಣ್ಣು ಬಂತು," ಎಂದು ಆಕೆ ಎದ್ದಳು.

ಅವೆಲಿನೊನ ಮನೆಯಲ್ಲಿ ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಪೂಜೆಯ ಮೇಜಿನ ಮೇಲೆ, ಸತ್ತವನಿಗಾಗಿ ಒಂಬತ್ತು ದಿನ ನಡೆಯುವ ಪ್ರಾರ್ಥನೆಯ ಎಂಟನೆಯ ದಿನದ ಮೇಣದ ಬತ್ತಿ. ಉಬಾಲ್ದಿನಾ ಯುಸೆಬಿಯಾಳ ಪಕ್ಕ ಕೂತಳು.

"ಪೆಟ್ಟಿಗೆ ಎಷ್ಟು ಸಲ ತೆಗೆದೆ, ತಾಯಿ?"

"ಇವತ್ತು. ಅದಕ್ಕೆ ಮುಂಚೆ ಅವನು ಸತ್ತ ದಿನ, ಅವನಿಗೆ ತೊಡಿಸೋ ಬಿಳಿ ಬಟ್ಟೆಗೆ ಅಂತ ಬೀಗದ ಕೈ ಕೊಟ್ಟಿದ್ದೆ. ನಾನೇ ತೊಡಿಸೋ ಹಾಗಿಲ್ಲವಲ್ಲ."

ಊರಿನ ಪದ್ಧತಿ ಅದು. ಹೆಣಕ್ಕೆ ಬಟ್ಟೆ ತೊಡಿಸುವುದು ಆಪ್ತ ಗೆಳೆಯ, ಶವಪೆಟ್ಟಿಗೆಯ ದಿಂಬು ಹೊಲಿಯುವುದು ನೆರೆಯವಳು. ಮನೆಯವರು ಸೂಜಿ ಮುಟ್ಟಬಾರದು, ಗುಂಡಿ ಹಾಕಬಾರದು.

"ದಿಂಬು ನಾನೇ ಹೊಲಿದದ್ದು. ಎತ್ತರವಾಗಿತ್ತಾ?"

ಯುಸೆಬಿಯಾ ಅಳುವಿನ ನಡುವೆಯೇ ನಕ್ಕಳು. "ಮಂಚದಲ್ಲಿ ಕೂತು ಪೇಪರ್ ಓದೋನ ಹಾಗಿದ್ದ, ಪಾಪ."

ಹಿತ್ತಿಲಲ್ಲಿ ಉಬಾಲ್ದಿನಾ ಮುಳ್ಳುಬೇಲಿಯ ಹತ್ತಿರ ಬಗ್ಗಿದಳು. ಬೇಲಿಗೆ ಬೂರುಗದ ಬಿಳಿ ಅರಳೆ ತಗುಲಿತ್ತು. ಕೋಳಿಗೂಡಿನ ಬುಡದಲ್ಲೂ ಒಂದಿಷ್ಟು ಉಂಡೆಯಾಗಿ ಬಿದ್ದಿತ್ತು.

"ಕೊಡೆ ಹಿಡಿ. ಇದೇನು?"

"ಬೂರುಗದ ಅರಳೆ. ನಮ್ಮೂರಲ್ಲಿ ಅದಕ್ಕೇನು ಬರ ಬಂತು, ಅಮ್ಮಾ? ನನ್ನ ಅಂಗಡಿಯಲ್ಲಿ ಕೂದಲಿಗಿಂತ ಅದನ್ನೇ ಜಾಸ್ತಿ ಗುಡಿಸ್ತೀನಿ."

ಆಕೆ ಚೌಕದ ಬೂರುಗದ ಹೆಮ್ಮರವನ್ನು ತಲೆಯೆತ್ತಿ ನೋಡಿದಳು. ಅದು ದಟ್ಟ ಹಸಿರಾಗಿ ನಿಂತಿತ್ತು. ನೋಡುತ್ತ ನೋಡುತ್ತ ಆಕೆಯ ಮುಖ ಸಣ್ಣದಾಯಿತು. "ಕಳ್ಳ ಸಿಕ್ಕಿದ್ರೆ ನನಗೆ ಖುಷಿಯಾಗತ್ತೆ," ಎಂದಳು. "ಈ ಸಲ ಆಗ್ತಿಲ್ಲ."

ಒಂಬತ್ತನೆಯ ದಿನ ಬೆಳಕು ಹರಿಯುವಾಗ ಪೂಜೆಯ ಮೇಜು ಬಿಚ್ಚಲು ಎಲ್ಲರೂ ಸೇರಿದರು. ರೊಸೆಂದಾಳ ಗಂಟು ಬಾಗಿಲ ಬಳಿ ಸಿದ್ಧವಾಗಿತ್ತು. ಕೊನೆಯ ಬತ್ತಿ ಆರಿಸಿದ ಮೇಲೆ ಉಬಾಲ್ದಿನಾ ಕ್ಯಾಸೆಟ್ಟುಗಳನ್ನು ಬರಿದಾದ ಮೇಜಿನ ಮೇಲಿಟ್ಟಳು.

"ಲಾಂಚಿಗೆ ಹೊತ್ತಿದೆ, ಕೂತ್ಕೊ ಮಗಳೇ. ಯಾರೂ ಏನೂ ಅಳಿಸಿಲ್ಲ. ನಿಮ್ಮಪ್ಪ ಹಾಡು ತುಂಬಿದ ಕ್ಯಾಸೆಟ್ಟಿನ ಹಲ್ಲು ಮುರೀತಿದ್ದ. ಇವಕ್ಕೆ ಹಲ್ಲಿವೆ. ಅಂದ್ರೆ ಇವು ಅವಲ್ಲ. ಡಬ್ಬಿ, ಚೀಟಿ ಹಳೇದು, ಒಳಗಿನ ಕ್ಯಾಸೆಟ್ ಹೊಸದು."

ಎಲ್ಲರೂ ಅರ್ರಾಸೊಲಾನ ಚರ್ಮದ ಚೀಲ ನೋಡಿದರು. ಅವನು ಕೆಂಪಾದ.

"ಅವರನ್ನ ಬಿಡಿ. ಅವರು ಬಂದ ಮೇಲೆ ನಿನ್ನೆವರೆಗೂ ಪೆಟ್ಟಿಗೆ ಮುಚ್ಚಳ ತೆಗೆದಿಲ್ಲ. ಅದನ್ನ ಯುಸೆಬಿಯಾ ಹೇಳಿದ್ಲು. ಅವಳ ಮಾತು ನಂಬೋಕೆ ಇನ್ನೊಂದು ಸಾಕ್ಷಿ ಬೇಕಿತ್ತು. ಅದು ಬೇಲಿ ಮೇಲೆ ಸಿಕ್ತು." ಆಕೆ ಅರಳೆಯ ಉಂಡೆಯನ್ನು ಮೇಜಿಗಿಟ್ಟಳು. "ಬೂರುಗದ ಅರಳೆ ಹಾರೋದು ಮಾರ್ಚಿನಲ್ಲಿ. ಇದು ಅಕ್ಟೋಬರ್. ನೋಡಿ ನೋಡಿ ನಮಗೆ ಅದು ಕಸವಾಗಿಹೋಗಿದೆ, ಯಾವ ತಿಂಗಳು ಅಂತ ಕೇಳೋದೇ ಇಲ್ಲ. ಇಲ್ಲಿ ತೂರಿದವನೂ ಕೇಳಿಕೊಳ್ಳಲಿಲ್ಲ. ಈ ತಿಂಗಳು ಈ ಮನೆಗೆ ಅರಳೆ ಬಂದದ್ದು ಒಂದೇ ಸಲ, ನಾನು ಹೊಲಿದ ದಿಂಬಿನಲ್ಲಿ. ಅದರ ಹೊಲಿಗೆ ಬಿಚ್ಚಿ ಅರಳೆ ತೆಗೆದು, ಆ ಜಾಗಕ್ಕೆ ಗಟ್ಟಿಯಾದದ್ದೇನನ್ನೋ ತುಂಬಿದ್ದಾರೆ. ಅದಕ್ಕೇ ಅವೆಲಿನೊನ ತಲೆ ಎತ್ತರವಾಗಿತ್ತು. ಪೆಟ್ಟಿಗೆಯ ಬೀಗದ ಕೈ, ದಿಂಬು, ಅವೆಲಿನೊ, ಮೂರೂ ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಒಬ್ಬನ ಕೈಗೇ ಸಿಕ್ಕಿದ್ದು."

ಆಕೆ ಯಾರನ್ನೂ ನೋಡಲಿಲ್ಲ. ತೊರಿಬಿಯೊ ತಾನೇ ಎದ್ದು ನಿಂತ.

"ನಾನೇ ತೊಡಿಸಿದ್ದು," ಎಂದ. "ಖಾಲಿ ಕ್ಯಾಸೆಟ್ ಕೊಟ್ಟದ್ದೂ ಅವೆಲಿನೊನೇ. ಗಂಟಲಿನ ಹುಣ್ಣು ಅವನ ದನಿ ತಿಂದುಹಾಕಿತ್ತು. 'ತೊರಿಬಿಯೊ, ಈ ಕಾಗೆ ದನಿ ರೇಡಿಯೊದಲ್ಲಿ ಕೂಗಿದ್ರೆ ಜನ ಹಳೇ ಅವೆಲಿನೊನ ಮರೀತಾರೆ. ನನ್ನ ಜೊತೇಲೇ ಇಡು, ಯಾರಿಗೂ ಹೇಳಬೇಡ' ಅಂದ. ಆಣೆ ಹಾಕಿಸ್ಕೊಂಡ. ಕಂಪನಿಯವರಿಗೆ ಟೇಪ್ ಕೆಟ್ಟಿದೆ ಅಂತ ಅನ್ನಿಸಿದ್ರೆ ಸಾಕು ಅಂದ್ಕೊಂಡೆ. ನಿನ್ನೆ ನೀವಿಬ್ಬರೂ ಕಚ್ಚಾಡೋವಾಗ ಬಾಯಿಗೆ ಬಂದಿತ್ತು, ಆಣೆ ಅಡ್ಡ ಬಂತು. ಯುಸೆಬಿಯಾ, ನನ್ನನ್ನ ಕ್ಷಮಿಸು."

"ಆದ್ರೆ ನನಗೆ ಬರೆದಿದ್ನಲ್ಲ, ಏಳನೇದು ನಿಂದು ಅಂತ?" ರೊಸೆಂದಾ ಚೀಲದಿಂದ ಕಾಗದ ತೆಗೆದಳು.

"ಬರೆದದ್ದು ಮೇ ತಿಂಗಳಲ್ಲಿ. ಆಗ ಇನ್ನೂ ಅರ್ಧ ದನಿ ಉಳಿದಿತ್ತು. ಹಾಡಿದ್ದು ಆಗಸ್ಟಿನಲ್ಲಿ. ತಾನೇ ಹಾಕಿ ಕೇಳಿದ. ಆಮೇಲೆ ಅಕಾರ್ಡಿಯನ್ ಮುಟ್ಟಲಿಲ್ಲ."

ಅರ್ರಾಸೊಲಾ ಕೆಮ್ಮಿದ. "ಗೋರಿಯ ಸಿಮೆಂಟು ಇನ್ನೂ ಹಸಿ. ಪಾದ್ರಿಗೆ, ಮೇಯರಿಗೆ ನಾನು ಹೇಳ್ತೀನಿ. ನಿಮ್ಮೂರ ಪದ್ಧತಿಯಂತೆ ನಾಲ್ಕು ವರ್ಷಕ್ಕೆ ಮೂಳೆ ಎತ್ತಿ ಬೇರೆ ಕಡೆ ಇಡೋಕೆ ಹೇಗೂ ಗೋರಿ ಒಡೀತೀರಿ. ಆಗ ಟೇಪು ಪುಡಿಯಾಗಿರತ್ತೆ. ಈಗಲೇ ಆದ್ರೆ..."

"ಮಗಳು ಹೇಳಲಿ," ಎಂದಳು ಯುಸೆಬಿಯಾ. ಎಂಟು ದಿನದಲ್ಲಿ ಅವಳನ್ನು ಮಗಳು ಎಂದದ್ದು ಅದೇ ಮೊದಲು.

ರೊಸೆಂದಾ ಅರಳೆಯ ಉಂಡೆಯನ್ನು ಅಂಗೈಗೆ ಎತ್ತಿಕೊಂಡಳು. "ತೆಗೀಬೇಕಾದ್ರೆ ಅಪ್ಪನ ತಲೆ ಎತ್ತಬೇಕಲ್ಲ," ಎಂದಳು. "ಬೇಡ. ಮಲಗಿರಲಿ."

ಆಮೇಲೆ ತೊರಿಬಿಯೊನ ಕಡೆ ತಿರುಗಿದಳು. "ಏಳನೇದರಲ್ಲಿ ಏನಿತ್ತು, ಮಾಮ?"

"ಸಾವಿನ ಮನೆ ಇದು, ತಾಯಿ. ಹಾಡೋ ಹಾಗಿಲ್ಲ."

"ಹಾಡಬೇಡ," ಎಂದಳು ಉಬಾಲ್ದಿನಾ. "ಮಾತಾಡೋಕೆ ಯಾವ ಪಾದ್ರಿಯೂ ಅಡ್ಡಿ ಮಾಡಿಲ್ಲ. ಅವನು ಬಚ್ಚಿಡು ಅಂದದ್ದು ದನಿಯನ್ನ. ಪದ ಹೇಳಿದ್ರೆ ನಿನ್ನ ಆಣೆ ಮುರಿಯಲ್ಲ."

ತೊರಿಬಿಯೊ ಕೂತ. ಜಪಮಣಿ ಎಣಿಸುವವನಂತೆ, ರಾಗ ಬಿಟ್ಟು ಬರಿಯ ಪದ ಹೇಳತೊಡಗಿದ: ಹೊರಟ ದಿನ ಅಪ್ಪ ದಡಕ್ಕೆ ಬರಲಿಲ್ಲ ಎಂದು ನೀನು ಅಂದುಕೊಂಡೆ. ಮೀನಿನ ಬುಟ್ಟಿಗಳ ಹಿಂದೆ, ಟೋಪಿ ಮೂಗಿಗೆ ಎಳೆದುಕೊಂಡು, ನಿನ್ನ ಲಾಂಚು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದವನು ನಾನೇ...

ನದಿಯ ಕಡೆಯಿಂದ ಏಳು ಗಂಟೆಯ ಲಾಂಚು ಕೂಗಿತು. ರೊಸೆಂದಾ ಏಳಲಿಲ್ಲ. ಯುಸೆಬಿಯಾ ಬಾಗಿಲ ಬಳಿಯ ಗಂಟನ್ನು ಒಳಗೆ ಒಯ್ದು, ಕರಿಕಾಫಿ ತಂದು ರೊಸೆಂದಾಳ ಕೈಗಿಟ್ಟಳು. ತೊರಿಬಿಯೊನ ದನಿಯಲ್ಲಿ ರಾಗದ ಸುಳಿವೂ ಇರಲಿಲ್ಲ. ಆದರೆ ಅವನ ಹೆಬ್ಬೆರಳು ಮೊಣಕಾಲಿನ ಬಟ್ಟೆಯ ಮೇಲೆ ತನ್ನಷ್ಟಕ್ಕೆ ತಾಳ ಗೀರುತ್ತಿದ್ದುದನ್ನು ನಿಕನೋರ್ ಕಂಡ. ದೋನ್ಯಾ ಉಬಾಲ್ದಿನಾ ಕೂಡ ಕಂಡಳು. ಆ ಒಂದನ್ನು ಮಾತ್ರ ಆಕೆ ಯಾರಿಗೂ ತೋರಿಸಲಿಲ್ಲ.