ಅಮರೇಶನ ಮಷೀನು ಹಿಡಿದಿದ್ದ ಫೈಲು

ನಂಬದಿದ್ದರೆ ಬಿಡಿ, ನನಗೇನೂ ಆಗಬೇಕಾಗಿಲ್ಲ. 2005ರಲ್ಲಿ ವಿಜಯನಗರದ ಶಶಿಕಲಾ ಅವರ ಡಿಟಿಪಿ ಅಂಗಡಿಯ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದವನು ನಾನು. ಅಂಗಡಿಯ ಎಲ್ಲ ಕಂಪ್ಯೂಟರಿಗೂ ಫೈಲು ಹಂಚುವ ಸಾಂಬಾ ಅನ್ನೋ ಪ್ರೋಗ್ರಾಂ ಅದರೊಳಗೆ ಸದ್ದಿಲ್ಲದೆ ಓಡುತ್ತಿತ್ತು.

ಅಲ್ಲಿ ಟೈಪ್ ಮಾಡುತ್ತಿದ್ದ ಅಮರೇಶ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅವನ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಕರೆಯುವ ಕಾರ್ಡನ್ನು ನಾನೇ ಟೈಪ್ ಮಾಡಿದೆ. ಕಾರ್ಡು ಒಯ್ಯಲು ಕೊಪ್ಪಳದಿಂದ ಬಂದ ಅವನ ಅಪ್ಪ ಕೊಟ್ರಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಶಶಿಕಲಾ ಹೋಗಿ ಕೊಟ್ರಪ್ಪನವರಿಗೆ ಟೀ ಕೊಟ್ಟು ಬಂದರು.

ಪ್ರಿಂಟ್ ಕೊಡಲು ಹೋದರೆ ಫೈಲು ತೆರೆಯಲಿಲ್ಲ. ಬೇರೆ ಯಾರೋ ಅದನ್ನು ತೆರೆದುಕೊಂಡಿದ್ದಾರೆ ಅಂತ ಬಂತು. ಯಾರು ಅಂತ ಸರ್ವರಿನಲ್ಲಿ ನೋಡಿದೆ. ಅಮರೇಶನ ಮಷೀನು.

"ಅದನ್ನ ನೀವೇ ಬಿಚ್ಚಿಟ್ಟಿದೀರಲ್ರೀ!" ಅಂದರು ಶಶಿಕಲಾ.

ಹೌದು, ಮೂಲೆಯಲ್ಲಿತ್ತು. ಕೇಬಲ್ಲೂ ಇಲ್ಲ, ಹಾರ್ಡ್‌ಡಿಸ್ಕೂ ಇಲ್ಲ. ಅದರ ಕೀಬೋರ್ಡ್ ಮುಟ್ಟಿದೆ. ಬೆಚ್ಚಗಿತ್ತು.

ಸಾಂಬಾ ನಿಲ್ಲಿಸಿ, ಯಾವ ಮಷೀನಿಗೆಲ್ಲ ಫೈಲು ಕೊಡಬೇಕು ಅಂತ ಬರೆದಿಡುವ ಕಾನ್ಫಿಗ್ ಫೈಲಿಂದ ಆ ಮಷೀನಿನ ಹೆಸರನ್ನು ಅಳಿಸಿ, ಮತ್ತೆ ಶುರು ಮಾಡಿದೆ. ಕಾರ್ಡು ತೆರೆಯಿತು. ಅದು ಆಗ ತಾನೇ ಸೇವ್ ಆಗಿತ್ತು.

ತೀರಿಕೊಂಡವರ ಹೆಸರಿಗೆ ಮೊದಲು ಲಿಂಗೈಕ್ಯ ಅಂತ ಹಾಕುವುದು ಅಮರೇಶನ ಮನೆಯವರ ಪದ್ಧತಿ. ಅಮರೇಶನ ಹೆಸರಿಗೆ ನಾನೇ ಹಾಕಿದ್ದೆ. ಈಗ ಅದು ಕೆಳಗೆ ಕರೆಯುವವರ ಸಾಲಿನಲ್ಲಿದ್ದ ಕೊಟ್ರಪ್ಪನವರ ಹೆಸರಿಗೂ ಇತ್ತು.

"ಅಯ್ಯೋ, ಅವರು ನೋಡಿದ್ರೆ ಏನಂದ್ಕೋತಾರೆ? ಬೇಗ ತೆಗೀರಿ!" ಶಶಿಕಲಾ ಪಿಸುಗುಟ್ಟಿದರು.

ತೆಗೆದೆ. ಸೇವ್ ಮಾಡಿದೆ. ಬಾಗಿಲಿಗೆ ಬಂದು, "ಆಯ್ತು, ಒಳಗೆ ಬನ್ನಿ" ಅಂದೆ.

ಕೊಟ್ರಪ್ಪ ಗೋಡೆಗೆ ಒರಗಿ ಕೂತೇ ಇದ್ದರು. ಪಕ್ಕದ ಲೋಟದಲ್ಲಿ ಟೀ ಕೆನೆಗಟ್ಟಿತ್ತು.