ಯಾಳಿ ಒಪ್ಪದ ಉಡುಪು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಮರೆತಿರದ ಕಾಲದಲ್ಲಿ, ಕುಂಕುಮಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ನದಿಗೆ ಒಂದು ಕಟ್ಟೆ, ಕಟ್ಟೆಗೊಂದು ಮಾಯದ ತೂಬು. ನೀರಿನ ಕಚೇರಿಯ ಪೀಠದಲ್ಲಿ ಅಧಿಕಾರಿಣಿ ಕೂತು ಅಪ್ಪಣೆ ಕೊಟ್ಟರೆ ತೂಬು ತಾನಾಗಿ ತೆರೆಯುತ್ತಿತ್ತು. ಪೀಠ ಖಾಲಿಯಿದ್ದರೆ ತೂಬು ಮುಚ್ಚಿಯೇ ಇರುತ್ತಿತ್ತು.

ಆ ಪೀಠ ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಕೆಳಗೇರಿಯ ಬಾವಿಗಳಲ್ಲಿ ಕೊಡ ಇಳಿಸಿದರೆ ಕೆಸರು ಬರುತ್ತಿತ್ತು.

ಇದಕ್ಕೆಲ್ಲ ಕಾರಣ ಮಿರುಗಾಕ್ಷ. ಅವನು ಅರಮನೆಯ ವಸ್ತ್ರಭಂಡಾರದ ಒಡೆಯ, ಮಂತ್ರವಾದಿ. ಕಟ್ಟೆಯಲ್ಲಿ ನಿಂತ ನೀರನ್ನೆಲ್ಲ ಕದ್ದು ತನ್ನ ಬಣ್ಣದ ಕೊಳಗಳಿಗೆ ತಿರುಗಿಸಿಕೊಂಡಿದ್ದ. ಪೀಠಕ್ಕೆ ಯಾರೂ ಬಾರದಂತೆ ಕಚೇರಿಯ ಹೊಸ್ತಿಲಲ್ಲಿದ್ದ ಕಲ್ಲಿನ ಯಾಳಿಗೆ ಮಂತ್ರ ಹಾಕಿದ್ದ. "ತಕ್ಕ ಉಡುಪು ಉಡದವರನ್ನು ಒಳಗೆ ಬಿಡಬೇಡ. ಮೂರು ಸಲ ತಪ್ಪಿದವರು ಮರದ ಬೊಂಬೆಯಾಗಲಿ." ಕೇಳುವುದಕ್ಕೆ ಶಿಸ್ತಿನ ಮಾತು. ರಾಣಿಯೂ ತಲೆಯಾಡಿಸಿದ್ದಳು. ಬಂದ ಅಧಿಕಾರಿಣಿಯರೆಲ್ಲ ಒಬ್ಬೊಬ್ಬರಾಗಿ ಬೊಂಬೆಗಳಾದರು. ಮಿರುಗಾಕ್ಷ ಅವರನ್ನು ಒಯ್ದು, ಹೊಸ ಹೊಸ ಅಂಗಿ ತೊಡಿಸಿ, ತನ್ನ ಭಂಡಾರದಲ್ಲಿ ಸಾಲಾಗಿ ನಿಲ್ಲಿಸಿಕೊಂಡ.

ಕೆಳಗೇರಿಯಲ್ಲಿ ಪದುಮಲೆ ಎಂಬ ಹುಡುಗಿಯಿದ್ದಳು. ನೀರಿನ ಶಾಸ್ತ್ರ ಓದಿದವಳು, ಜಾಣೆ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಈ ಸಲದ ನೇಮಕ ಅವಳಿಗೇ ಬಂತು.

"ಯಾವುದು ಉಟ್ಟುಕೊಂಡು ಹೋಗಲಿ ಚಿಕ್ಕಮ್ಮ?" ಎಂದು ಪೆಟ್ಟಿಗೆಯ ಮುಂದೆ ಕೂತಳು.

ಅವಳನ್ನು ಸಾಕಿದ ಚಿಕ್ಕಮ್ಮ ನಾಗಲೆ ಹೇಳಿದಳು: "ಮೊದಲ ದಿನ ಕಣೇ. ಕಳೆಕಳೆಯಾಗಿ ಹೋಗು. ನನ್ನ ಮದುವೆಯ ರೇಷ್ಮೆ ಉಡು."

ಪದುಮಲೆ ಗಿಣಿಹಸಿರು ರೇಷ್ಮೆ ಉಟ್ಟು ಹೊರಟಳು. ಯಾಳಿ ಕಲ್ಲಿನ ಕಣ್ಣು ತೆರೆಯಿತು. ಮೇಲಿಂದ ಕೆಳಗೆ ನೋಡಿತು.

"ಕಣ್ಣು ಕುಕ್ಕುತ್ತಿದೆ. ಇದು ಕಚೇರಿಯೋ ಮದುವೆ ಚಪ್ಪರವೋ? ಹೋಗು!"

ಅಷ್ಟು ಹೇಳಿದ್ದೇ ತಡ, ರೇಷ್ಮೆಯ ಸೆರಗು ಗಿಣಿಗಳ ಹಿಂಡಾಗಿ ಹಾರಿಹೋಯಿತು. ಉಳಿದ ಅರ್ಧ ಸೀರೆಯನ್ನು ಮೈಗೆ ಸುತ್ತಿಕೊಂಡು ಪದುಮಲೆ ಮನೆಗೆ ಓಡಿದಳು.

"ನನ್ನ ಮದುವೆ ಸೀರೆ!" ಎಂದು ಚಿಕ್ಕಮ್ಮ ಬಾಯಿ ಬಡಿದುಕೊಂಡಳು.

"ಉಡು ಅಂದವರು ಯಾರು?" ಎಂದು ಪದುಮಲೆ ರೇಗಿದಳು.

ಮರುದಿನ ಮತ್ತೆ ಪೆಟ್ಟಿಗೆ ತೆರೆಯಿತು. ಈ ಸಲ ಬೂದಿಬಣ್ಣದ ನಿಲುವಂಗಿ. ಅಂಚಿಲ್ಲ, ಕಸೂತಿಯಿಲ್ಲ, ಕುತ್ತಿಗೆಯವರೆಗೆ ಗುಂಡಿ. ಯಾಳಿ ಕಣ್ಣು ತೆರೆಯಿತು. ಮೇಲಿಂದ ಕೆಳಗೆ ನೋಡಿತು.

"ಮಂಕು ಬಡಿದಿದೆ. ಇದು ಕಚೇರಿಯೋ ಸೂತಕದ ಮನೆಯೋ? ಹೋಗು!"

ನಿಲುವಂಗಿ ನಿಜವಾಗಿಯೂ ಬೂದಿಯಾಗಿ ಉದುರತೊಡಗಿತು. ಬೂದಿ ಮೆತ್ತಿಕೊಂಡು ಮನೆಗೆ ಬಂದವಳನ್ನು ಕಂಡು ಚಿಕ್ಕಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ನಾಳೆ ಹೋಗಬೇಡ, ಮಗಳೇ. ಮೂರನೆಯ ಸಲ ತಪ್ಪಿದರೆ ನೀನು ನನಗೆ ಸಿಕ್ಕುವುದಿಲ್ಲ. ಕೆಸರು ನೀರನ್ನೇ ಸೋಸಿ ಕುಡಿಯೋಣ."

"ಪಕ್ಕದ ಮನೆಯ ಕೂಸಿಗೆ ಆ ಕೆಸರು ಕುಡಿದೇ ಜ್ವರ ಬಂದಿರುವುದು. ಹೋಗುತ್ತೇನೆ. ಆದರೆ ನಾಳೆ ನನಗೆ ಬೇಕಾದದ್ದನ್ನು ಉಡುತ್ತೇನೆ."

ಅವಳು ಆರಿಸಿದ್ದು ಬದನೆಕಾಯಿ ಬಣ್ಣದ ಹತ್ತಿಯ ಸೀರೆ. ಸಾಸಿವೆ ಹಳದಿಯ ಸಣ್ಣ ಅಂಚು. ಮೊಣಕೈವರೆಗಿನ ಕುಪ್ಪಸ. ಮೆಟ್ಟಿಲು ಹತ್ತಿದರೆ ತೊಡರದು, ಬರೆಯಲು ಕೂತರೆ ತೋಳು ಮಸಿಗೆ ತಾಗದು. ನೀರಿನಲ್ಲಿ ನೋಡಿಕೊಳ್ಳೋಣವೆಂದರೆ ನೀರೇ ಇಲ್ಲ. ಚಿಕ್ಕಮ್ಮನ ಕಣ್ಣಲ್ಲಿ ನೋಡಿಕೊಂಡಳು. ಚೆನ್ನಾಗಿಯೇ ಕಂಡಳು.

ಯಾಳಿ ಕಣ್ಣು ತೆರೆಯಿತು. ಮೇಲಿಂದ ಕೆಳಗೆ ನೋಡಿತು. ಕೆಳಗಿಂದ ಮೇಲೆ ನೋಡಿತು.

"ಅಂಚು ಸೊಗಸಾಗಿದೆ, ಆದ್ದರಿಂದ ಕೆಲಸಕ್ಕೆ ಬಾರದು. ಬಟ್ಟೆ ಕೆಲಸಕ್ಕೆ ತಕ್ಕುದಾಗಿದೆ, ಆದ್ದರಿಂದ ಸೊಗಸಿಲ್ಲ. ಹೋಗು!"

ಪದುಮಲೆಯ ಕಾಲ್ಬೆರಳುಗಳು ಮರಗಟ್ಟಿದವು. ಪಾದ ಮರವಾಯಿತು. ಹೆದರಿಕೆಯಾಗಬೇಕಿತ್ತು. ಆದರೆ ಅವಳಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು.

"ಅಯ್ಯೋ, ಸಾಕಪ್ಪಾ ಸಾಕು! ಮಿನುಗಿದರೆ ಮದುವೆ, ಮಿನುಗದಿದ್ದರೆ ಸೂತಕ. ಎರಡೂ ಅಲ್ಲದ್ದು ತಂದರೆ ಎರಡು ತಪ್ಪು! ಊರಿಗೆ ನೀರಿಲ್ಲ, ನಿನಗೆ ನನ್ನ ಸೆರಗಿನ ಚಿಂತೆ. ನೀನೇ ಹೇಳು, ಯಾವುದು ತಕ್ಕ ಉಡುಪು? ಒಂದೇ ಒಂದು ಹೆಸರು ಹೇಳು, ಅದನ್ನೇ ಉಟ್ಟು ಬರುತ್ತೇನೆ!"

ಯಾಳಿ ಬಾಯಿ ತೆರೆಯಿತು. ಅದರ ಬಾಯಲ್ಲಿ ಬೈಗುಳಗಳಿದ್ದವು, ಉತ್ತರವಿರಲಿಲ್ಲ. ಮಿರುಗಾಕ್ಷ ಉತ್ತರ ಇಟ್ಟಿರಲೇ ಇಲ್ಲ. ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬಾಗಿಲ ಮಂತ್ರ ಹೀಗೆ ಸಿಕ್ಕಿಬಿದ್ದರೆ ಹಾಕಿದವನೇ ಬಂದು ಬಿಡಿಸಬೇಕು, ಅದು ಮಂತ್ರಗಳ ಕಟ್ಟಳೆ. ಯಾಳಿ ಗುಡುಗಿನಂತೆ ಕೂಗಿತು: "ಒಡೆಯಾ! ತಕ್ಕ ಉಡುಪು ಯಾವುದು?"

ಮರ ಪದುಮಲೆಯ ಮೊಣಕಾಲಿಗೆ ಏರಿತ್ತು.

ಮಿರುಗಾಕ್ಷ ಗೊಣಗುತ್ತಾ ಬಂದ. ಜರತಾರಿ ಅಂಗಿ, ಹವಳದ ಗುಂಡಿ, ಹಿಂದೆ ನೆಲ ಗುಡಿಸುವ ಕೆಂಪು ಶಲ್ಯ. "ಇಷ್ಟೂ ತಿಳಿಯದೇ, ಕಲ್ಲೇ? ಉಡುಪು ಅಂದರೆ ಹೀಗಿರಬೇಕು. ನನ್ನನ್ನು ನೋಡು!" ಎಂದು ಹೊಸ್ತಿಲ ಮುಂದೆ ಎದೆಯುಬ್ಬಿಸಿ ನಿಂತ.

ಯಾಳಿ ನೋಡಿತು. "ಕಣ್ಣು ಕುಕ್ಕುತ್ತಿದೆ. ಹೋಗು!"

"ಏನಂದೆ?" ಮಿರುಗಾಕ್ಷನ ಮುಖ ಕೆಂಪಾಯಿತು. ಚಿಟಿಕೆ ಹೊಡೆದ. ಜರತಾರಿ ಹೋಗಿ ಬಿಳಿ ಪಂಚೆ, ಬಿಳಿ ಅಂಗಿ ಬಂತು.

"ಮಂಕು ಬಡಿದಿದೆ. ಹೋಗು!"

"ಸ್ವಾಮಿ, ನಿಲ್ಲಿಸಿ, ಇನ್ನೊಂದು ಸಲ ತಪ್ಪಿದರೆ..." ಎಂದು ಪದುಮಲೆ ಎಚ್ಚರಿಸಿದಳು. ಸೊಂಟದವರೆಗೆ ಮರವಾಗಿದ್ದರೂ ಬಾಯಿ ತಡೆಯಲಿಲ್ಲ.

"ನನಗೇ ಉಡುವುದು ಕಲಿಸುತ್ತೀಯಾ?" ಎಂದು ಗದರಿ ಅವನು ಮತ್ತೆ ಚಿಟಿಕೆ ಹೊಡೆದ. ಬಿಳಿ ಅಂಗಿಗೆ ಸಣ್ಣ ಜರಿಯಂಚು ಬಂತು.

ಯಾಳಿ ಹೇಳುವುದನ್ನು ಹೇಳಿತು. ಮಿರುಗಾಕ್ಷ ಬಾಯಿ ತೆರೆದಂತೆಯೇ ಮರವಾದ. ಮಂತ್ರ ಹಾಕಿದವನು ಮರವಾದ ಮೇಲೆ ಮಂತ್ರಕ್ಕೇನು ಬೆಲೆ? ಪದುಮಲೆಯ ಸೊಂಟ ಸಡಿಲವಾಯಿತು, ಕಾಲಿಗೆ ರಕ್ತ ಹರಿಯಿತು. ಭಂಡಾರದ ಬೊಂಬೆಗಳೆಲ್ಲ ಹೆಂಗಸರಾಗಿ, ಮೆಟ್ಟಿಲಿಳಿದು ಬೈಯುತ್ತಾ ಬಂದರು.

"ಈ ಹಾಳು ತೋಳು ಎಷ್ಟು ಬಿಗಿ ಮಾರಾಯ್ತಿ!"

"ನನಗಂತೂ ವರ್ಷಗಟ್ಟಲೆ ಇದೇ ಹಳದಿ ತೊಡಿಸಿಟ್ಟಿದ್ದ. ಹಳದಿ ನನಗೆ ಒಪ್ಪುತ್ತದೆಯೇ, ನೀವೇ ಹೇಳಿ!"

ಪದುಮಲೆ ಉತ್ತರಿಸಲು ನಿಲ್ಲಲಿಲ್ಲ. ಹೊಸ್ತಿಲು ದಾಟುವಾಗ ಯಾಳಿ ಮೆಲ್ಲಗೆ, "ಸೀರೆ ಚೆನ್ನಾಗಿದೆ ಕಣಮ್ಮ" ಅಂದಿತು.

"ಮೊದಲೇ ಹೇಳಬಾರದಿತ್ತೇ?" ಎಂದು ಅವಳು ಪೀಠದಲ್ಲಿ ಕೂತು ಅಪ್ಪಣೆ ಕೊಟ್ಟಳು.

ತೂಬು ತೆರೆಯಿತು. ನದಿ ಧುಮುಕಿತು. ಮಿರುಗಾಕ್ಷನ ಕೊಳಗಳ ಬಣ್ಣವನ್ನೆಲ್ಲ ತೊಳೆದುಕೊಂಡು ಕೆಳಗೇರಿಗೆ ಹರಿಯಿತು. ಮೊದಲ ನೀರಿನ ಆಸೆಗೆ ಜನ ಬಟ್ಟೆ ಒಗೆಯಲು ಓಡಿದರು. ಪಂಚೆ, ಸೀರೆ, ರುಮಾಲು, ಕೂಸಿನ ತೊಟ್ಟಿಲ ಬಟ್ಟೆ, ಎಲ್ಲಕ್ಕೂ ನವಿಲುಬಣ್ಣ ಹತ್ತಿತು. ಗದ್ದಲವೇನೆಂದು ವಿಚಾರಿಸಲು ಬಂದ ರಾಣಿಯ ಸೆರಗೂ ನೆನೆದು ನವಿಲುಬಣ್ಣವೇ ಆಯಿತು. ಸಂಜೆಗೆ ನೀರು ತಿಳಿಯಾಯಿತು, ಕೊಡಗಳು ತುಂಬಿದವು, ಕೂಸಿನ ಜ್ವರವೂ ಇಳಿಯಿತು. ಬಟ್ಟೆಯ ಬಣ್ಣ ಮಾತ್ರ ಬಿಡಲಿಲ್ಲ. ರಾಣಿಯಿಂದ ಅಗಸಗಿತ್ತಿಯವರೆಗೆ ಊರಿಗೆ ಊರೇ ಒಂದೇ ಬಣ್ಣ ಉಟ್ಟು, ಒಬ್ಬರನ್ನೊಬ್ಬರು ನೋಡಿ ನಕ್ಕು, ಬಹುಕಾಲ ತಂಪಾಗಿ ಬಾಳಿತು.