ಮೂರನೇ ಲ್ಯಾಂಪು, ಒಂದು ಮುರುಕು ಹಲ್ಲು

ಪ್ರೊಜೆಕ್ಟರಿನ ಒಂದು ಲ್ಯಾಂಪಿಗೆ ಸಣ್ಣ ಮನೆಯೊಂದರ ತಿಂಗಳ ಬಾಡಿಗೆಯಷ್ಟು ಬೆಲೆ. ಚಾವಣಿಗೆ ತೂಗುಹಾಕಿದ್ದರೆ ಏಣಿ ಹತ್ತಿ ಬದಲಾಯಿಸುವ ಕೂಲಿ ಬೇರೆ. ಸಿನಿಮಾ ಮುಗಿದ ಮೇಲೂ ಅದರ ಫ್ಯಾನು ಸ್ವಲ್ಪ ಹೊತ್ತು ಓಡುತ್ತದಲ್ಲ, ಅದಕ್ಕೆ ಖರ್ಚಾಗುವ ಕರೆಂಟು ಮಾತ್ರ ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳದ ಚಿಲ್ಲರೆಯಷ್ಟೂ ಇಲ್ಲ.

ಇನ್ನು ಹೊಟ್ಟೆಕಿಚ್ಚಿಗೆ ಎಷ್ಟು ಬೆಲೆ? ಅದು ಅವಳಿಗೆ ಆಮೇಲೆ ಗೊತ್ತಾಯಿತು.

ಅವಳು ಹೋಮ್ ಥಿಯೇಟರ್ ಅಂಗಡಿಯಲ್ಲಿ ಬಿಡಿಭಾಗಗಳ ಕೌಂಟರಿನಲ್ಲಿ ಕೂರುವವಳು. ಅಂಗಡಿ ದೊಡ್ಡಪ್ಪನದು. ಬೆಲೆಬಾಳುವ ಸಾಮಾನಿನ ಬೀರುವಿನ ಕೀಲಿ ಸದಾ ಅವಳ ಕೊರಳಲ್ಲೇ ಇರುತ್ತಿತ್ತು. ಅದಕ್ಕೇ ಅಂಗಡಿಯವರೆಲ್ಲ ಅವಳಿಗೆ ಇಟ್ಟ ಹೆಸರು, 'ಬೀಗ'.

"ಹೀಗೆ ಎಲ್ಲದಕ್ಕೂ ಬೀಗ ಜಡ್ಕೊಂಡು ಕೂತ್ರೆ ನಮ್ಮನೆಗೆ ಬೀಗರು ಬರೋದು ಯಾವಾಗಮ್ಮಾ?" ಅಂತ ದೊಡ್ಡಪ್ಪ ದಿನಕ್ಕೊಮ್ಮೆಯಾದರೂ ಕೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದರು.

ಪ್ರೊಜೆಕ್ಟರ್ ರಿಪೇರಿಗೆಂದು ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಇಬ್ಬರಿಗೂ ಜಟಾಪಟಿ.

"ಮುಟ್ಬೇಡಿ!"

ಹೊಸ ಲ್ಯಾಂಪಿನ ಗಾಜಿನತ್ತ ಚಾಚಿದ್ದ ಉದ್ದನೆಯ ಕೈ ಅಲ್ಲೇ ನಿಂತಿತು. ಅವಳು ಅವನ ಮಣಿಕಟ್ಟು ಹಿಡಿದಿದ್ದಳು... ಹಿಡಿದಿದ್ದೇನೆ ಅಂತ ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತೇ ಬೇಕಾಯಿತು.

"ಬೆರಳಿನ ಜಿಡ್ಡು ಗಾಜಿಗೆ ಅಂಟಿದ್ರೆ, ಉರಿಯುವಾಗ ಅಷ್ಟು ಜಾಗ ಮಾತ್ರ ಜಾಸ್ತಿ ಕಾದು ಸೀಳಿಹೋಗುತ್ತೆ! ಅಷ್ಟೂ ಗೊತ್ತಿಲ್ವಾ?"

"ಟಿವಿ ರಿಪೇರಿ ಮಾಡ್ತಿದ್ದವನು ಮೇಡಂ, ಇದು ನನಗೆ ಹೊಸದು." ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಒಂದು ಬೆರಳು ತಾಗಿದ್ದಕ್ಕೇ ಇಷ್ಟು ಉರಿಯುತ್ತೆ ಅಂದ್ರೆ... ಇದು ನಿಮ್ಮ ನೆಂಟರ ಪೈಕಿನಾ?"

ಹೇಳಿ ನಕ್ಕ. ಆಗ ಕಂಡಿತು. ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿತ್ತು. ಆ ಮುರುಕಿನಿಂದಾಗಿ ಅವನ ನಗುವಿಗೆ ತುಂಟ ಹುಡುಗನ ಕಳೆ. ಅವಳ ಎದೆಯೊಳಗೆ ಏನೋ ಒಂದು ಮೂಲೆ ಸದ್ದಿಲ್ಲದೆ ಸಡಿಲವಾಯಿತು.

ಅವನು ಎತ್ತರದ ಆಳು. ಹೆಗಲ ಮೇಲೆ ಸದಾ ಏಣಿ. ಹಾಗಾಗಿ ಅವನ ಹೆಸರೂ 'ಏಣಿ'ಯೇ ಆಯಿತು. ಸ್ವಲ್ಪ ದಿನದಲ್ಲಿ 'ನೀವು' ಹೋಗಿ 'ನೀನು' ಬಂತು. ದಿನವೂ ಅವನು ಲ್ಯಾಂಪು ಕೇಳುವುದು, ಅವಳು ಸಹಿ ಕೇಳುವುದು, ನಡುವೆ ಒಂದಿಷ್ಟು ಜಗಳ. ಜಗಳ ಇಲ್ಲದ ದಿನ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ.

ಒಮ್ಮೆ ಅವಳೇ ಅಂದಿದ್ದಳು, "ಅಷ್ಟು ಹಲ್ಲು ಕಿರಿಬೇಡ ಮಾರಾಯಾ! ಆ ಮುರುಕು ಹಲ್ಲಿಗೆ ಯಾರು ಹೆಣ್ಣು ಕೊಡ್ತಾರೆ?"

ಅಂಗಡಿಯೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅವಳು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

ಆಮೇಲೆ ಬಂದಳು ಹಲ್ಲಿನ ಡಾಕ್ಟರು.

ಬಂದದ್ದು ಫೋನಿನಲ್ಲಿ. ಜೇನು ಸವರಿದಂಥ ದನಿ. "ನಮ್ಮ ಪ್ರೊಜೆಕ್ಟರಿನ ಟ್ಯೂಬು ಹೋಗಿದೆ ನೋಡಿ. ಇದನ್ನ ಹಾಕಿಕೊಟ್ಟ ಆ ಎತ್ತರದವರು ಇದ್ದಾರಲ್ಲ... ಅವರನ್ನೇ ಕಳಿಸಿ. ಬೇರೆ ಯಾರೂ ಬೇಡ!"

'ಬೇರೆ ಯಾರೂ ಬೇಡ! ಅಂಗಡಿಯಲ್ಲಿ ಬೇರೆ ಯಾರಿಗೂ ಸ್ಕ್ರೂ ತಿರುಗಿಸಕ್ಕೆ ಬರಲ್ವಾ?' ಎಂದುಕೊಂಡಳು. ಆದರೂ ಲ್ಯಾಂಪು ಕೊಟ್ಟಳು. ಅವನು ಸಿಳ್ಳೆ ಹಾಕುತ್ತಾ ಹೋದ.

ಕೆಲವೇ ತಿಂಗಳಲ್ಲಿ ಅದೇ ಮನೆಯಿಂದ ಮತ್ತೆ ಫೋನು. ಮತ್ತೆ ಲ್ಯಾಂಪು ಹೋಗಿದೆ!

"ವರ್ಷಗಟ್ಟಲೆ ಬರೋ ಸಾಮಾನು ಆ ಮನೇಲಿ ಮಾತ್ರ ಹೀಗ್ಯಾಕೆ ಉದುರುತ್ತೆ?" ಅವಳು ಕೇಳಿದಳು.

"ಗೊತ್ತಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತೇನೋ." ಅವನು ಕನ್ನಡಿ ನೋಡಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಲ್ಯಾಂಪು ಹಾಕಲು ಹೋಗುವವನಿಗೆ ಕೂದಲು ಯಾಕೆ ಸರಿ ಇರಬೇಕು?!

ಆಮೇಲೆ ಭಾನುವಾರಗಳು ಶುರುವಾದವು. ರಜೆಯ ದಿನವೂ ಅವನು ಆ ಮನೆಗೆ ಹೋಗುತ್ತಾನಂತೆ. ವ್ಯಾನಿನ ಡ್ರೈವರ್ ಬಂದು ಹೇಳಿದ, "ಡಾಕ್ಟ್ರು ನೋಡಕ್ಕೆ ಬೊಂಬೆ ಹಂಗಿದ್ದಾರೆ ಬೀಗಕ್ಕಾ. ನಕ್ಕರೆ ಮೂವತ್ತೆರಡೂ ಮುತ್ತು!"

'ಹಲ್ಲಿನ ಡಾಕ್ಟರ ಹಲ್ಲು ಚೆನ್ನಾಗಿರದೆ ಇನ್ನೇನು, ಮೊಣಕಾಲು ಚೆನ್ನಾಗಿರುತ್ತಾ?' ಅವಳ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತ್ತು. ಆ ರಾತ್ರಿ ಕನ್ನಡಿಯ ಮುಂದೆ ನಿಂತು ತನ್ನ ಹಲ್ಲು ತಾನೇ ನೋಡಿಕೊಂಡಳು. ಕೆಳಸಾಲಿನಲ್ಲಿ ಒಂದು ಸ್ವಲ್ಪ ಸೊಟ್ಟ. ಇಷ್ಟು ವರ್ಷ ಇಲ್ಲದ ಸೊಟ್ಟ ಅವತ್ತೇ ಬಂದಂತೆ ಕಂಡಿತು.

ಸೋಮವಾರ ಅವನು ಅಂಗಡಿಗೆ ಬಂದು, ಕೌಂಟರಿನ ಮುಂದೆ ನಿಂತು, ಅವಳನ್ನೇ ನೋಡಿ ಅಗಲವಾಗಿ ನಕ್ಕ.

ಹಲ್ಲು ಪೂರ್ತಿಯಾಗಿತ್ತು!

ಮುರುಕು ಮೂಲೆ ಇಲ್ಲ. ಅದು ಇದ್ದ ಗುರುತೇ ಇಲ್ಲ!

"ಹೇಗಿದೆ?" ಅವನ ಕಣ್ಣಲ್ಲಿ ಏನೋ ನಿರೀಕ್ಷೆ.

ಆ ಡಾಕ್ಟರು ಇವನ ಗಲ್ಲ ಹಿಡಿದಿರುತ್ತಾಳೆ... ಇಷ್ಟು ಹತ್ತಿರ ಬಗ್ಗಿರುತ್ತಾಳೆ... ತಾನು ಮೊದಲ ದಿನದಿಂದ ಯಾರಿಗೂ ಹೇಳದೆ ಜೋಪಾನವಾಗಿ ಇಟ್ಟುಕೊಂಡಿದ್ದ ಆ ಮುರುಕು ಮೂಲೆಯನ್ನು ಅವಳು ಒಂದೇ ಭಾನುವಾರದಲ್ಲಿ ಅಳಿಸಿಬಿಟ್ಟಳು!

"ಯಾರಿಗೋಸ್ಕರ ಈ ಶೃಂಗಾರ?" ಅವಳ ದನಿ ತಣ್ಣಗಿತ್ತು.

ಅವನ ನಗು ಅರ್ಧಕ್ಕೇ ನಿಂತಿತು. "ಒಬ್ಬರಿಗೋಸ್ಕರ... ಆಮೇಲೆ ಹೇಳ್ತೀನಿ."

ಅವಳಿಗೆ 'ಆಮೇಲೆ' ಬೇಕಿರಲಿಲ್ಲ.

ಅದೇ ಸಂಜೆ ದೊಡ್ಡಪ್ಪ ಕೇಳಿದರು, "ಪಕ್ಕದ ಊರಲ್ಲಿ ಹೊಸ ಅಂಗಡಿ ತೆರೀತಿದೀವಲ್ಲ, ಯಾರನ್ನ ಕಳಿಸೋಣ? ಹೋದವರು ಅಲ್ಲೇ ಇರಬೇಕಾಗುತ್ತೆ."

"ಏಣಿನ ಕಳಿಸಿ!" ಯೋಚಿಸುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು. "ಇಲ್ಲಿ ಅವನಿಂದ ಏನೂ ಆಗಬೇಕಾಗಿಲ್ಲ."

ಬಾಗಿಲಲ್ಲಿ ಏಣಿ ಇಳಿಸಿದ ಸದ್ದು. ಅವನು ಅಲ್ಲೇ ನಿಂತಿದ್ದ.

ದೊಡ್ಡಪ್ಪ ಇಬ್ಬರ ಮುಖವನ್ನೂ ನೋಡಿದರು. "ಏನಪ್ಪಾ, ಹೋಗ್ತೀಯಾ?"

"ಬೀಗನೇ ಹೇಳಿದ ಮೇಲೆ ಮುಗೀತಲ್ಲ ಸಾರ್. ಹೋಗ್ತೀನಿ."

ಅವಳು ತಲೆ ಎತ್ತಲಿಲ್ಲ. ಮನೆಗೆ ಹೋಗಿ ಅತ್ತಳು. 'ಅಳೋದ್ಯಾಕೆ? ಕಳಿಸು ಅಂದವಳು ನೀನೇ ತಾನೇ!' ಎಂದು ತನ್ನನ್ನೇ ಬೈದುಕೊಂಡು ಮತ್ತೆ ಅತ್ತಳು.

ಅವನು ಹೊರಡುವ ಹಿಂದಿನ ದಿನ ಫೋನು ಬಂತು. ಜೇನಿನ ದನಿಯೇ. ಮೂರನೇ ಲ್ಯಾಂಪು!

"ನಾನೂ ಬರ್ತೀನಿ," ಅಂದಳು ಅವಳು, ಕೀಲಿಯನ್ನು ಕೊರಳಲ್ಲಿ ಸರಿಪಡಿಸಿಕೊಳ್ಳುತ್ತಾ. "ಮೂರು ಲ್ಯಾಂಪು ತಿಂದ ಮನೆ. ಯಾಕೆ ಅಂತ ನೋಡ್ಬೇಕು."

"ನೋಡು." ಅವನು ಅಷ್ಟೇ ಅಂದ. ವ್ಯಾನಿನಲ್ಲಿ ಇಬ್ಬರ ನಡುವೆ ಲ್ಯಾಂಪಿನ ಡಬ್ಬಿ ಕೂತಿತ್ತು, ಮಾತಾಡದ ಮಗುವಿನ ಹಾಗೆ.

ಡಾಕ್ಟರು ಬಾಗಿಲು ತೆರೆದಳು. ಡ್ರೈವರ್ ಸುಳ್ಳು ಹೇಳಿರಲಿಲ್ಲ. ಬೊಂಬೆಯೇ!

"ಬನ್ನಿ ಬನ್ನಿ! ಸಂಜೆಯೊಳಗೆ ಸರಿಯಾಗದಿದ್ರೆ ನಮ್ಮನೆಯವರು ಮ್ಯಾಚ್ ಇಲ್ಲ ಅಂತ ನನ್ನ ಜೊತೆ ಮಾತೇ ಬಿಡ್ತಾರೆ."

ನಮ್ಮನೆಯವರು! ಅವಳೊಳಗೆ ಬಿಗಿದಿದ್ದ ಒಂದು ಸ್ಕ್ರೂ ಸಡಿಲವಾಯಿತು. ಒಂದು ಮಾತ್ರ. ಹಲ್ಲಿನದು ಇನ್ನೂ ಹಾಗೇ ಇತ್ತು.

ಥಿಯೇಟರ್ ಕೋಣೆಯ ಮೂಲೆಯಲ್ಲಿ ಡಾಕ್ಟರ ಅತ್ತೆ ಕೂತಿದ್ದರು. ಬಂದವರನ್ನಲ್ಲ, ಉರಿಯುತ್ತಿದ್ದ ದೀಪಗಳನ್ನೇ ಲೆಕ್ಕ ಹಾಕುತ್ತಿದ್ದರು. "ಇಷ್ಟು ಲೈಟು ಯಾಕೆ? ಮದುವೆಮನೆನಾ?"

ಅವನು ಏಣಿ ಹತ್ತಿದ. ಅವಳು ಕೆಳಗೆ ಏಣಿ ಹಿಡಿದಳು. ಚಾವಣಿಯಲ್ಲಿ ತಲೆಕೆಳಗಾಗಿ ತೂಗುವ ಪ್ರೊಜೆಕ್ಟರು. ಲ್ಯಾಂಪಿನ ಮುಚ್ಚಳ ಕೆಳಮುಖ. ಒಳಗೆ ಗಾಜು ಒಡೆದಿದ್ದರೆ ಬೀಳುವುದು ನೇರ ಮುಖದ ಮೇಲೆ.

"ಕನ್ನಡಕ ಹಾಕ್ಕೋ," ಅಂದಳು.

"ಪರವಾಗಿಲ್ಲ ಬಿಡು. ಇಲ್ಲಿ ನನ್ನಿಂದ ಏನೂ ಆಗಬೇಕಾಗಿಲ್ಲವಲ್ಲ."

ಅವಳದೇ ಮಾತು. ಚುರ್ರೆಂದಿತು. "ಹಾಕ್ಕೋ ಅಂದೆ! ಕಣ್ಣಿಗೇನಾದ್ರೂ ಆದ್ರೆ... ಅಂಗಡಿಗೆ ಖರ್ಚು."

ಅವನು ಕೆಳಗೆ ನೋಡಿದ. ಅವಳ ಕಣ್ಣು ಒದ್ದೆಯಾಗಿತ್ತು. ಕನ್ನಡಕ ಹಾಕಿಕೊಂಡ.

ಸ್ಕ್ರೂ ಸಡಿಲಿಸಿ, ಹಿಡಿಕೆ ಹಿಡಿದು ಹಳೆಯ ಲ್ಯಾಂಪು ಎಳೆದ. ಗಾಜಿನ ಒಳಭಾಗ ಊದಿಕೊಂಡು ಹಾಲಿನ ಹಾಗೆ ಬೆಳ್ಳಗಾಗಿತ್ತು. ಹೊಸದನ್ನು ಕೂರಿಸಿ, ಮುಚ್ಚಳ ಬಿಗಿದು, ಕೆಳಗಿಳಿದು, ರಿಮೋಟಿನಲ್ಲಿ ಲ್ಯಾಂಪು ಉರಿದ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತಂದ. ಪರದೆ ಹಗಲಿನ ಹಾಗೆ ಬೆಳಗಿತು. ಸ್ವಲ್ಪ ಹೊತ್ತು ನೋಡಿ, ಆರಿಸುವ ಗುಂಡಿ ಒತ್ತಿದ. ಬೆಳಕು ಹೋಯಿತು. ಫ್ಯಾನು ಮಾತ್ರ ಗುಂಯ್ ಎನ್ನುತ್ತಿತ್ತು.

ಪಟ್!

ಫ್ಯಾನೂ ನಿಂತಿತು. ಕೋಣೆಯೇ ಸ್ತಬ್ಧ.

ಗೋಡೆಯ ಮೇನ್ ಸ್ವಿಚ್ಚಿನ ಮೇಲೆ ಅತ್ತೆಯ ಕೈ ಇತ್ತು. "ಚಿತ್ರ ಹೋಯ್ತಲ್ಲ, ಇನ್ಯಾಕೆ ಓಡ್ಬೇಕು ಅದು? ಕರೆಂಟು ದಂಡ!"

"ಅಮ್ಮಾ!" ಅವಳು ಕೇಳಿದಳು, "ದಿನಾ ಹೀಗೇ ಮಾಡ್ತೀರಾ?"

"ಮತ್ತೆ? ಈ ಮನೇಲಿ ಉಳಿತಾಯ ಅಂದ್ರೆ ಏನು ಅಂತ ಗೊತ್ತಿರೋದು ನನಗೊಬ್ಬಳಿಗೇ."

ಅವನು ಓಡಿಹೋಗಿ ಸ್ವಿಚ್ಚು ಹಾಕಿದ. ಡಾಕ್ಟರು ತಲೆಯ ಮೇಲೆ ಕೈ ಹೊತ್ತಳು. "ಅತ್ತೇ! ಮೂರು ಲ್ಯಾಂಪು! ಉಳಿತಾಯದಲ್ಲಿ ನಾವು ಮುಳುಗಿಹೋದ್ವಿ!"

ಅವಳು ಅತ್ತೆಯ ಪಕ್ಕ ಕೂತು ಮೆಲ್ಲಗೆ ಹೇಳಿದಳು, "ಬೆಳಕು ಆರಿದ್ರೂ ಒಳಗೆ ಬೆಂಕಿ ಹಾಗೇ ಇರುತ್ತೆ ಅಮ್ಮಾ. ಫ್ಯಾನು ಅದನ್ನ ಆರಿಸ್ಬೇಕು. ಮಧ್ಯದಲ್ಲೇ ಕಿತ್ತುಹಾಕಿದ್ರೆ ಕಾವು ಒಳಗೇ ನಿಂತು ಲ್ಯಾಂಪನ್ನೇ ತಿನ್ನುತ್ತೆ."

ಅತ್ತೆ ತಮ್ಮಷ್ಟಕ್ಕೇ ನಕ್ಕರು. "ಹಾಗಾದ್ರೆ ಬೇಯೋ ತನಕ ಇದ್ದವಳಿಗೆ ಆರೋ ತನಕ ಇರಕ್ಕಾಗ್ಲಿಲ್ಲ ಅಂತಾಯ್ತು, ಅಲ್ವಾ ತಾಯಿ?"

ಆ ಗಾದೆ ತಗುಲಿದ್ದು ಅತ್ತೆಗಲ್ಲ, ಅವಳಿಗೇ. ವರ್ಷವಿಡೀ ಇವನಿಗಾಗಿ ಬೆಂದವಳು... 'ಆಮೇಲೆ ಹೇಳ್ತೀನಿ' ಅಂದಾಗ ಆರುವ ತನಕ ತಾಳಲಿಲ್ಲ. ಪಟ್ಟನೆ ಮೇನ್ ಸ್ವಿಚ್ಚೇ ಆರಿಸಿಬಿಟ್ಟಳು!

ಡಾಕ್ಟರು ಅವಳ ಕೊರಳಿನ ಕೀಲಿಯನ್ನೇ ನೋಡುತ್ತಿದ್ದಳು. "ಒಂದ್ನಿಮಿಷ... ಬೀಗ ಅಂದ್ರೆ ನೀವೇನಾ?"

ಏಣಿ ಮಡಚುತ್ತಿದ್ದ ಅವನ ಕೈ ನಿಂತಿತು. "ಡಾಕ್ಟ್ರೇ, ಅದು..."

"ಸುಮ್ನಿರ್ರೀ ನೀವು! ಇವರ ಬಾಯಿ ತೆರೆಸಿ ಕೂರಿಸಿದ್ರೂ ಮಾತು ನಿಲ್ಲಲ್ಲ. 'ಬೀಗ ಹಾಗಂದ್ಲು, ಬೀಗ ಹೀಗಂದ್ಲು.' ಭಾನುವಾರ ಬಂದು ನಮ್ಮ ಸ್ಪೀಕರ್ ವೈರೆಲ್ಲ ಗೋಡೆಯೊಳಗೆ ಹಾಕಿಕೊಟ್ರು. ದುಡ್ಡು ಬೇಡ, ಹಲ್ಲು ಸರಿಮಾಡಿಕೊಡಿ ಅಂದ್ರು. ಮುರುಕು ಹಲ್ಲಿಗೆ ಹೆಣ್ಣು ಕೊಡಲ್ಲ ಅಂತ ಹುಡುಗಿಯೇ ಹೇಳಿಬಿಟ್ಟಿದ್ದಾಳಂತೆ!"

"ಮತ್ತೆ... ಇವನನ್ನೇ ಕಳಿಸಿ ಅಂತ ಯಾಕೆ ಕೇಳ್ತಿದ್ರಿ?" ಅವಳ ದನಿ ತೊದಲಿತು.

"ಬೇರೆಯವರು ಬಂದ್ರೆ ಅತ್ತೆ ಏಣಿ ಹತ್ತಕ್ಕೇ ಬಿಡಲ್ಲ. ಇವರೊಬ್ಬರೇ ಅವರ ಬೈಗುಳಕ್ಕೆಲ್ಲ ನಗ್ತಾರೆ. ಒಳ್ಳೆ ಅಭ್ಯಾಸ ಇದೆ ಅಂತ ಕಾಣುತ್ತೆ!"

ಅವಳಿಗೆ ಆ ಪರದೆಯ ಹಿಂದೆ ಹೋಗಿ ಬಚ್ಚಿಟ್ಟುಕೊಳ್ಳಬೇಕೆನಿಸಿತು.

ಮೆಟ್ಟಿಲಿಳಿಯುವಾಗ ಏಣಿಯ ಒಂದು ತುದಿ ಅವನು ಹಿಡಿದಿದ್ದ, ಇನ್ನೊಂದು ಅವಳು. ತಿರುವಿನಲ್ಲಿ ಅವಳು ನಿಂತಳು. ಅವನೂ ನಿಲ್ಲಬೇಕಾಯಿತು.

"ಹೋಗ್ಬೇಡ," ಅಂದಳು.

"ಕಳಿಸಿದ್ದು ನೀನೇ."

"ಹೊಟ್ಟೆಕಿಚ್ಚಿಗೆ ಹೇಳಿದೆ. ತಪ್ಪಾಯ್ತು."

"ಯಾರ ಮೇಲೆ ಹೊಟ್ಟೆಕಿಚ್ಚು? ಡಾಕ್ಟ್ರ ಮೇಲಾ?"

"ಆ ಹಲ್ಲಿನ ಮೇಲೆ!" ಅವಳು ಅತ್ತೇಬಿಟ್ಟಳು. "ಆ ಮುರುಕು ನನ್ನದಾಗಿತ್ತು ಕಣೋ. ಮೊದಲ ದಿನದಿಂದ... ನನ್ನದಾಗಿತ್ತು!"

ಅವನು ಬೆರಗಾಗಿ ನೋಡಿದ. "ಅದನ್ನ ಮೊದಲೇ ಹೇಳಬಾರದಿತ್ತಾ? ಎರಡು ಸಲ ಸೂಜಿ ಚುಚ್ಚಿಸ್ಕೊಂಡೆ!"

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಅವನು ಏಣಿಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದ. ಕೆನ್ನೆಯ ನೀರು ಒರೆಸಲು ಕೈ ಎತ್ತಿದವನು ಅರ್ಧದಲ್ಲೇ ತಡೆದುಕೊಂಡ.

"ಮುಟ್ಟಬಹುದಾ? ಬೆರಳಲ್ಲಿ ಜಿಡ್ಡಿದೆ..."

"ಮುಟ್ಟು," ಅಂದಳು ಅವಳು. "ನಾನು ಲ್ಯಾಂಪಲ್ಲ."

ಸಂಜೆ ಇಬ್ಬರೂ ದೊಡ್ಡಪ್ಪನ ಮುಂದೆ ನಿಂತರು. ಅವರು ಕನ್ನಡಕದ ಮೇಲಿನಿಂದ ನೋಡಿ, ಹೇಳುವ ಮೊದಲೇ ಎಲ್ಲ ತಿಳಿದುಕೊಂಡು, ಕೊನೆಗೆ ಒಂದೇ ಮಾತು ಅಂದರು, "ಹೊಸ ಅಂಗಡಿ ಅಂದ್ಮೇಲೆ ಏಣಿನೂ ಬೇಕು, ಬೀಗನೂ ಬೇಕು. ಮದುವೆ ಮಾಡ್ಕೊಂಡು ಇಬ್ಬರೂ ಹೋಗಿ. ಅಂತೂ ಬೀಗನೇ ಹೋಗಿ ನಮಗೆ ಬೀಗರನ್ನ ತಂದ್ಲು!"

ಆ ಮನೆಗೆ ನಾಲ್ಕನೇ ಲ್ಯಾಂಪು ಬೇಕಾಗಲಿಲ್ಲ. ಈಗ ಅತ್ತೆಯೇ ಫ್ಯಾನು ನಿಲ್ಲುವ ತನಕ ಸ್ವಿಚ್ಚಿನ ಪಕ್ಕ ಕಾವಲು ಕೂರುತ್ತಾರಂತೆ.

ಹೋದದ್ದು ಮೂರು ಲ್ಯಾಂಪು ಮತ್ತು ಒಂದು ಹಲ್ಲಿನ ಮುರುಕು ಮೂಲೆ. ಲ್ಯಾಂಪುಗಳಿಗೆ ದುಡ್ಡು ಬಂತು. ಆ ಮೂಲೆ ಮಾತ್ರ ಮತ್ತೆ ಬರಲಿಲ್ಲ. ಅದರ ಬದಲಿಗೆ ಅವಳಿಗೆ ಅವನು ಸಿಕ್ಕ.